ಗಾಜನ್ನೂ ಗೀರುತ್ತದೆ, ವಿನೆಗರ್ ಹಾಕಿದರೆ ಗುಳ್ಳೆಯೂ ಬರುತ್ತದೆ: ಇದು ಯಾವ ಕಲ್ಲು?

ಆಳಂದದ ಹೊಲ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಆಳಂದ ತಾಲೂಕಿನ ನಮ್ಮ ಹೊಲದಲ್ಲಿ ಬಾವಿ ತೋಡಿಸಿದೆವು. ಮೇಲೆ ಎರೆಮಣ್ಣು, ಅದರ ಕೆಳಗೆ ಬರೀ ಕರಿಕಲ್ಲು. ಸುಮಾರು 40 ಅಡಿಯಲ್ಲಿ ಒಡೆದು ತೆಗೆದ ಒಂದು ಕಲ್ಲಿನ ನಡುವೆ ಮುಷ್ಟಿ ಹಿಡಿಸುವಷ್ಟು ಪೊಳ್ಳು ಇತ್ತು. ಒಳಗೋಡೆಯ ತುಂಬ ಬಿಳಿ ಹರಳು, ಅಕ್ಕಿಕಾಳು ನೆಟ್ಟ ಹಾಗೆ ಒತ್ತೊತ್ತಾಗಿ ನಿಂತಿವೆ. ಅದನ್ನು ನೋಡಿದ ದಿನ ಊಟವೇ ನೆನಪಾಗಲಿಲ್ಲ.

ಈಗ ಗೊಂದಲ. ಹರಳಿನ ಮೊನೆಯಿಂದ ಹಳೇ ಬಾಟಲಿ ಗೀರಿದೆ, ಗೀರು ಬಿತ್ತು. ಹಾಗಾದರೆ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಅಲ್ವಾ? ಆದರೆ ಅದೇ ಹರಳನ್ನು ಉಜ್ಜಿ ಪುಡಿ ತೆಗೆದು ವಿನೆಗರ್ ಹಾಕಿದರೆ ಸಣ್ಣ ಗುಳ್ಳೆ ಬಂದವು. ಅದು ಕ್ಯಾಲ್ಸೈಟಿನ, ಅಂದರೆ ಸುಣ್ಣದಕಲ್ಲಿನಲ್ಲಿರುವ ಖನಿಜದ, ಗುಣ. ಎರಡು ಸಲ ಮಾಡಿದೆ, ಎರಡು ಸಲವೂ ಹೀಗೇ. ಎಲ್ಲಿ ತಪ್ಪಿದೆ?

ಕಲ್ಲುಪೆಟ್ಟಿಗೆ, ಕಲಬುರಗಿ:
ಎರಡೂ ಒಂದೇ ಹರಳಿನಲ್ಲಿ ಆಗೋದಿಲ್ಲ ಅಣ್ಣ. ಕಲ್ಲಿನ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಹೆಚ್ಚು ಅಂಕಿಯದ್ದು ಕಡಿಮೆ ಅಂಕಿಯದ್ದನ್ನು ಗೀರುತ್ತದೆ. ಕ್ವಾರ್ಟ್ಜ್ 7, ಕ್ಯಾಲ್ಸೈಟ್ 3. ಬಾಟಲಿ ಗಾಜು ಸುಮಾರು 5.5.

ಮೊದಲು ಗಾಜಿನ ಗೀರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮೆತ್ತನೆ ಕಲ್ಲು ಗಾಜಿಗೆ ಉಜ್ಜಿದಾಗ ತಾನೇ ಸವೆದು ಬಿಳಿ ಪುಡಿ ಅಂಟಿಸುತ್ತದೆ. ನೋಡೋಕೆ ಥೇಟ್ ಗೀರು. ಒರೆಸಿದ ಮೇಲೂ ಉಗುರಿಗೆ ಸಿಕ್ಕಿದರೆ ಮಾತ್ರ ಅದು ಗೀರು. ಶುರುವಿನಲ್ಲಿ ಇದರಿಂದಲೇ ನಾನು ಜಾಸ್ತಿ ತಪ್ಪು ಹೆಸರು ಬರೆದಿಟ್ಟಿದ್ದೆ.

ಇನ್ನೊಂದು ಮಾತು, ಪುಡಿ ಎಲ್ಲಿ ಉಜ್ಜಿದಿರಿ?

ಆಳಂದದ ಹೊಲ:
ಒರೆಸಿದೆ. ಗೀರು ಹಾಗೇ ಇದೆ, ಉಗುರು ತಡೆಯುತ್ತದೆ. ಪುಡಿಯನ್ನು ಮನೆ ಮುಂದಿನ ಕಟ್ಟೆಯ ಮೇಲೆ ಉಜ್ಜಿದ್ದು. ಶಹಾಬಾದ್ ಫರಸಿ ಹಾಕಿಸಿದ ಕಟ್ಟೆ.

ಕಲ್ಲುಪೆಟ್ಟಿಗೆ, ಕಲಬುರಗಿ:
ಸಿಕ್ಕಿತು! ಫರಸಿ ಅಂದರೇ ಸುಣ್ಣದಕಲ್ಲು. ಅದರಲ್ಲಿರುವುದು ಬಹುಪಾಲು ಕ್ಯಾಲ್ಸೈಟ್. ನಿಮ್ಮ ಗಟ್ಟಿ ಹರಳು ಸವೆದೇ ಇಲ್ಲ, ಸವೆದದ್ದು ಫರಸಿ. ಗುಳ್ಳೆ ಬಿಟ್ಟದ್ದು ನಿಮ್ಮ ಕಟ್ಟೆಯ ಪುಡಿ. ಉಜ್ಜಿದ ಜಾಗವನ್ನು ಮುಟ್ಟಿ ನೋಡಿ, ಗೆರೆ ಕೊರೆದಿರಬೇಕು.

ಈಗ ಒಂದು ಚೂರು ಹರಳನ್ನು ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ. ಕಬ್ಬಿಣದ ತುಂಡಿನ ಮೇಲಿಟ್ಟೇ ಜಜ್ಜಿ, ಕಣ್ಣಿಗೆ ಕನ್ನಡಕ ಇರಲಿ. ಆ ಪುಡಿಯನ್ನು ಪಿಂಗಾಣಿ ತಟ್ಟೆಗೆ ಹಾಕಿ ವಿನೆಗರ್ ಬಿಡಿ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಬೇಡ, ಅದರ ಹೊಗೆ ಕೆಟ್ಟದ್ದು.

ಬೀದರ್ ಕೆಂಪುಮಣ್ಣು:
ನಡುವೆ ಬಂದೆ, ಕ್ಷಮಿಸಿ. ಗುಳ್ಳೆ ಬರಲಿಲ್ಲ ಅಂತ ಸುಮ್ನೆ ಕ್ವಾರ್ಟ್ಜ್ ಅಂದುಬಿಡಬೇಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರುವಾಗ ಗಾಳಿಗುಳ್ಳೆಗಳು ಒಳಗೇ ಸಿಕ್ಕಿ ಈ ಪೊಳ್ಳುಗಳಾದವು. ಆಮೇಲೆ ಅವುಗಳೊಳಗೆ ನೀರು ಇಳಿದು ಬೇರೆ ಬೇರೆ ಹರಳು ಕಟ್ಟಿತು. ಜಿಯೋಲೈಟ್ ಅನ್ನೋ ಖನಿಜ ಜಾತಿಯವೂ ಬಿಳಿಯಾಗಿರುತ್ತವೆ, ಅವುಗಳಲ್ಲಿ ಹೆಚ್ಚಿನವು ವಿನೆಗರ್‌ಗೆ ಗುಳ್ಳೆ ಬಿಡೋದಿಲ್ಲ. ಅದೇ ಜಾತಿಯ ಸ್ಟಿಲ್ಬೈಟ್ ಆದರೆ ಮುತ್ತಿನ ಹೊಳಪು, ಹರಳುಗಳು ನಡು ಕಟ್ಟಿದ ಜೋಳದ ಸಿವುಡಿನ ಹಾಗೆ ಎರಡೂ ತುದಿಗೆ ಬಿಚ್ಚಿಕೊಂಡಿರುತ್ತವೆ. ಚಾಕುವಿಗೆ ಸುಲಭವಾಗಿ ಗೀರು ಬೀಳುತ್ತದೆ. ನಿಮ್ಮದಕ್ಕೆ ಚಾಕು ಹಾಕಿ ನೋಡಿ ಅಣ್ಣ.

ಆಳಂದದ ಹೊಲ:
ಅಕ್ಕ, ಚಾಕು ಹಾಕಿದೆ. ಹರಳಿನ ಮೇಲೆ ಬೂದು ಬಣ್ಣದ ಗೆರೆ ಬಿತ್ತು. ಒರೆಸಿದರೆ ಹೋಯಿತು.

ಬೀದರ್ ಕೆಂಪುಮಣ್ಣು:
ಅದು ಚಾಕುವಿನ ಲೋಹ. ಸವೆದದ್ದು ಚಾಕು, ಹರಳಲ್ಲ. ಜಿಯೋಲೈಟ್ ಪಕ್ಕಕ್ಕಿಡಿ.

ಆಳಂದದ ಹೊಲ:
ಇವತ್ತು ಪುಡಿ ಮಾಡಿದೆ. ಹತ್ತು ನಿಮಿಷ ನೋಡಿದರೂ ತಟ್ಟೆಯಲ್ಲಿ ಒಂದು ಗುಳ್ಳೆ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಹರಳಿನ ತುದಿ ಆರು ಮುಖದ ಮೊನೆ. ಮುರಿದ ಕಡೆ ಗಾಜಿನ ಹಾಗೆ ಬಾಗಿದ ಒಡಕು. ಫರಸಿ ಮೇಲೆ ನೀವು ಹೇಳಿದ ಹಾಗೇ ಗೆರೆ ಕೊರೆದಿದೆ, ಬೆರಳಿಗೆ ಸಿಗುತ್ತದೆ. ಕ್ವಾರ್ಟ್ಜ್ ಅಂತ ಬರೆದುಕೊಂಡೆ.

ಅದೇ ರಾಶಿಯಲ್ಲಿ ಇನ್ನೊಂದು ಚೂರು ಇತ್ತು. ಬೆಲ್ಲದಚ್ಚು ಒಂದು ಕಡೆಗೆ ವಾಲಿದ ಹಾಗಿರುವ ತಿಳಿ ಹರಳು. ಇದೂ ಕ್ವಾರ್ಟ್ಜೇನಾ?

ಕಲ್ಲುಪೆಟ್ಟಿಗೆ, ಕಲಬುರಗಿ:
ಅದನ್ನು ಪೇಪರಿನ ಅಕ್ಷರದ ಮೇಲಿಟ್ಟು ನೋಡಿ, ನಿಧಾನಕ್ಕೆ ತಿರುಗಿಸಿ.

ಆಳಂದದ ಹೊಲ:
ಒಂದೊಂದು ಅಕ್ಷರ ಎರಡೆರಡು ಕಾಣುತ್ತಿದೆ! ತಿರುಗಿಸಿದರೆ ಒಂದು ನಿಂತಲ್ಲೇ ಇದೆ, ಇನ್ನೊಂದು ಅದನ್ನು ಸುತ್ತುತ್ತದೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಕಲ್ಲುಪೆಟ್ಟಿಗೆ, ಕಲಬುರಗಿ:
ಅದು ಕ್ಯಾಲ್ಸೈಟ್, ಇನ್ನೊಂದು ಪರೀಕ್ಷೆ ಬೇಕಾಗಿಲ್ಲ. ಒಳಗೆ ಹೋದ ಬೆಳಕನ್ನು ಅದು ಎರಡಾಗಿ ಸೀಳುತ್ತದೆ. ತಾಮ್ರದ ಪಾತ್ರೆಗೆ ಮಾಡುವ ಹಾಗೆ ಹುಣಸೆಹುಳಿಯಲ್ಲಿ ಮಾತ್ರ ತೊಳೆಯಬೇಡಿ, ಹುಳಿಗೆ ಮೈ ಕರಗಿ ಹೊಳಪು ಹೋಗುತ್ತದೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಎರಡೂ ಚೂರಿನ ಜೊತೆ ಬಾವಿ, 40 ಅಡಿ, ತಾರೀಖು ಬರೆದ ಚೀಟಿ ಇಡಿ.