ಸಹಾಯ ಬೇಕು: 70 ಮಂದಿ ಆಫೀಸಿಗಿ ಯಾವ ರೌಟರ್ ತಗೋಬೇಕ್ರಿ?

ನಮಸ್ಕಾರ್ರಿ. ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ತೊಗರಿಬ್ಯಾಳಿ ಕಂಪನಿ. ಹೋದ ವರ್ಷ 20 ಮಂದಿ ಇದ್ದೆವು, ಈಗ 70. ಯಾದಗಿರಿ ಬ್ರಾಂಚ್ ಸುದ್ದಾ ವಿಪಿಎನ್ (ಇಂಟರ್ನೆಟ್‌ನಾಗ ಎರಡು ಆಫೀಸ್ ಜೋಡ್ಸೋ ಖಾಸಗಿ ದಾರಿ) ಮ್ಯಾಲೇ ನಡೀತದ. ಲೈನ್ ಹಾಕ್ದಾಗ ಪುಕ್ಕಟೆ ಕೊಟ್ಟ ಡಬ್ಬಿ ಬಿಲ್ಲಿಂಗ್ ಟೈಮಿಗೇ ಹ್ಯಾಂಗ್ ಆಗ್ತದ. ಬ್ಯಾಸಗ್ಯಾಗಂತೂ ಕೇಳಬ್ಯಾಡ್ರಿ.

ಫೈಬರ್ ಲೈನ್ ಎರಡವ, 500 ಮತ್ತ 200 ಎಂಬಿಪಿಎಸ್. ಒಂದು ಹೋದ್ರ ಇನ್ನೊಂದು ತಾನೇ ಹಿಡೀಬೇಕು. ಫೋರ್ಟಿಗೇಟ್ 40ಎಫ್ ಅನ್ನೋ ರೌಟರ್ ನೋಡಿದೆ: ಫೈರ್‌ವಾಲ್ (ಹೊರಗಿನ ಕಾಟ ತಡಿಯೋ ಕಾವಲು) ಸ್ಪೀಡ್ 5 ಜಿಬಿಪಿಎಸ್ ಅಂತ ಬರದಾರ, ಆದ್ರ ವೈರಸ್, ಹ್ಯಾಕಿಂಗ್ ತಪಾಸಣೆ ಎಲ್ಲಾ ಚಾಲೂ ಮಾಡಿದ್ರ 600 ಎಂಬಿಪಿಎಸ್ಸಿಗಿ ಇಳೀತದ! ಮ್ಯಾಲ ಲೈಸೆನ್ಸ್ ರೊಕ್ಕ ಬ್ಯಾರೆ. ಮೈಕ್ರೋಟಿಕ್ ಆರ್‌ಬಿ5009ಕ್ಕ 10 ಗಿಗಾಬಿಟ್ ಎಸ್‌ಎಫ್‌ಪಿ ಪ್ಲಸ್ ಪೋರ್ಟ್ (ಫೈಬರ್ ವೈರ್ ಸುದ್ದಾ ಹಚ್ಚಬಹುದಾದ ಜೋರಿನ ಕಿಂಡಿ) ಅದ, ಲೈಸೆನ್ಸ್ ಕಾಟ ಇಲ್ಲ, ಆದ್ರ ಸೆಟ್ಟಿಂಗ್ ಮಾಡೋರು ಯಾರು?

ಬಳಸಿದವ್ರು ಹೇಳ್ರಿ. ಕಲಬುರಗ್ಯಾಗ ಸೆಟ್ಟಿಂಗ್ ಬಲ್ಲವರಿದ್ರ ಅದೂ ತಿಳಸ್ರಿ.