ಕ್ರಿಯಾಟಿನಿನ್ ‘ಸಹಜ’ ಎಂದಿದ್ದರೂ ಟೆನೊಫೊವಿರ್ ಏಕೆ ಕೊಡಲಿಲ್ಲ?

ಪ್ರಶ್ನೆ (ಆಪ್ತಸಮಾಲೋಚಕಿ):

ಎಚ್‌ಐವಿ ಸೋಂಕಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರವೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಎರಡು ಪ್ರಕರಣಗಳನ್ನು ಕೇಳುತ್ತಿದ್ದೇನೆ. 58 ವರ್ಷದ, 46 ಕಿಲೋ ತೂಕದ ಪುರುಷರೊಬ್ಬರ ಸೀರಂ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಯಲು ಮಾಡುವ ರಕ್ತಪರೀಕ್ಷೆ) ಡೆಸಿಲೀಟರಿಗೆ 1.2 ಮಿಲಿಗ್ರಾಂ ಬಂದಿತ್ತು. 1.3ರವರೆಗೆ ಸಹಜವೆಂದು ವರದಿಯಲ್ಲೇ ಮುದ್ರಿಸಿದ್ದರೂ ವೈದ್ಯರು ಸಾಮಾನ್ಯವಾಗಿ ಎಲ್ಲರಿಗೂ ಕೊಡುವ ಟಿಎಲ್‌ಡಿ ಮಾತ್ರೆಯನ್ನು (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು) ಬಿಟ್ಟು, ಟೆನೊಫೊವಿರ್ ಬದಲು ಅಬಕಾವಿರ್ ಎಂಬ ಔಷಧ ಇರುವ ಚಿಕಿತ್ಸೆ ಬರೆದರು. ಅದೇ ವಾರ ಏಳು ತಿಂಗಳ ಗರ್ಭಿಣಿಯೊಬ್ಬರಿಗೆ ರಕ್ತ ತೆಗೆದ ದಿನವೇ, ವರದಿಗೂ ಕಾಯದೆ, ಟಿಎಲ್‌ಡಿ ಆರಂಭಿಸಿದರು. ಆಮೇಲೆ ಅವರ ಕ್ರಿಯಾಟಿನಿನ್ 1.0 ಎಂದು ಬಂದಾಗ ಫೋನ್ ಮಾಡಿಸಿ ಕೂಡಲೇ ಕರೆಸಿಕೊಂಡರು. 1.2 ಇದ್ದವರಿಗೆ ಔಷಧವನ್ನೇ ತಪ್ಪಿಸುವುದು, 1.0 ಇದ್ದವರ ಬಗ್ಗೆ ಗಾಬರಿಯಾಗುವುದು, ಆದರೂ ಅವರಿಗೆ ಪರೀಕ್ಷೆಗೆ ಮೊದಲೇ ಮಾತ್ರೆ ಕೊಡುವುದು: ಇವು ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು ಕುಟುಂಬದವರು ಕೇಳಿದರೆ ನಾನು ಏನು ಹೇಳಬೇಕು?

ಉತ್ತರ 1 (ಸಾಮಾನ್ಯ ವೈದ್ಯಶಾಸ್ತ್ರ):

ಪುರುಷರ ಪ್ರಕರಣದಿಂದ ಆರಂಭಿಸೋಣ. ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುವ ತ್ಯಾಜ್ಯವಾದ್ದರಿಂದ, ಸ್ನಾಯು ಸೊರಗಿದ ವಯಸ್ಸಾದ ದೇಹದಲ್ಲಿ ಮೂತ್ರಪಿಂಡ ಸಾಕಷ್ಟು ದುರ್ಬಲವಾಗಿದ್ದರೂ ಅದರ ಪ್ರಮಾಣ ಸಹಜವೆಂದೇ ಕಾಣಬಹುದು. ಅದಕ್ಕಾಗಿಯೇ ಮೂತ್ರಪಿಂಡ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂದು ಅಂದಾಜಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರವನ್ನು ಬಳಸುತ್ತೇವೆ: 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಬೇಕು, ಮಹಿಳೆಯರಾದರೆ ಬಂದದ್ದನ್ನು 0.85ರಿಂದ ಗುಣಿಸಬೇಕು. ನಿಮ್ಮ ರೋಗಿಗೆ 82 ಗುಣಿಸು 46, ಭಾಗಿಸು 86.4, ಅಂದರೆ ನಿಮಿಷಕ್ಕೆ ಸುಮಾರು 44 ಮಿಲಿಲೀಟರ್. ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಮಾರ್ಗಸೂಚಿಯ ಪ್ರಕಾರ 50ಕ್ಕಿಂತ ಕಡಿಮೆ ಇದ್ದರೆ ಟೆನೊಫೊವಿರ್ ಕೊಡುವಂತಿಲ್ಲ. ಅದೇ 1.2 ಎಪ್ಪತ್ತು ಕಿಲೋ ತೂಕದ ಮೂವತ್ತರ ಯುವಕನದಾಗಿದ್ದರೆ ಲೆಕ್ಕ 89 ಬರುತ್ತಿತ್ತು, ಯಾರೂ ಯೋಚಿಸುತ್ತಿರಲಿಲ್ಲ.

ಟೆನೊಫೊವಿರ್ ಮೂತ್ರಪಿಂಡದೊಳಗಿನ ಸಣ್ಣ ನಾಳಗಳ ಮೊದಲ ಭಾಗದ (‘ಸಮೀಪ ನಾಳ’) ಜೀವಕೋಶಗಳನ್ನು ಹೊಕ್ಕು ಹೊರಹೋಗುತ್ತದೆ, ಅಲ್ಲಿ ಅದು ಶೇಖರವಾದರೆ ಆ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ಹಾನಿಯಾಗುತ್ತದೆ. ಆದ್ದರಿಂದ ಮೂತ್ರ ಪರೀಕ್ಷೆಯನ್ನೂ ಕಡೆಗಣಿಸಬಾರದು: ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ ಅದು ನಾಳದ ತೊಂದರೆಯ ಸುಳಿವು. ಅಬಕಾವಿರ್ ಕೊಟ್ಟಿರುವುದರಿಂದ ಮೊದಲ ಆರು ವಾರಗಳಲ್ಲಿ ಜ್ವರ, ಮೈಮೇಲೆ ದದ್ದು, ವಾಂತಿ ಅಥವಾ ಉಸಿರಾಟದ ತೊಂದರೆ ಕಂಡರೆ, ಅದು ಆ ಔಷಧದ ಅಲರ್ಜಿ ಇರಬಹುದಾದ್ದರಿಂದ, ತಡಮಾಡದೆ ಬರುವಂತೆ ಅವರಿಗೆ ಖಂಡಿತ ಹೇಳಿ.

ಉತ್ತರ 2 (ಪ್ರಸೂತಿ ತಜ್ಞೆ):

ಗರ್ಭಿಣಿಯರಲ್ಲಿ ಈ ಸೂತ್ರವನ್ನು ನಂಬಲಾಗದು. ಹೆಚ್ಚಿದ ತೂಕದಲ್ಲಿ ಮಗು, ನೀರು ಎಲ್ಲವೂ ಸೇರಿರುವುದರಿಂದ ಫಲಿತಾಂಶ ಸುಳ್ಳಾಗಿ ಚೆನ್ನಾಗಿ ಕಾಣುತ್ತದೆ. ಗರ್ಭಾವಸ್ಥೆಯಲ್ಲಿ ಮೂತ್ರಪಿಂಡದ ಸೋಸುವಿಕೆ ಹೆಚ್ಚುಕಡಿಮೆ ಅರ್ಧದಷ್ಟು ಏರುವುದರಿಂದ ಕ್ರಿಯಾಟಿನಿನ್ ಸಾಮಾನ್ಯವಾಗಿ 0.5, 0.6ರ ಆಸುಪಾಸಿಗೆ ಇಳಿದಿರಬೇಕು. ದಕ್ಷಿಣ ಆಫ್ರಿಕಾದ ಮಾರ್ಗಸೂಚಿಯು ಗರ್ಭಿಣಿಯರಿಗೆ ಲೆಕ್ಕವನ್ನೇ ಬಿಟ್ಟು, ಲೀಟರಿಗೆ 85 ಮೈಕ್ರೋಮೋಲ್, ಅಂದರೆ ನಮ್ಮ ಅಳತೆಯಲ್ಲಿ ಸುಮಾರು 0.96, ಎಂಬ ನೇರ ಗಡಿ ಹಾಕಿದೆ. ಹಾಗಾಗಿ 1.0 ಎಂಬುದು ಆ ತಾಯಿಗೆ ಸಹಜವಲ್ಲ. ಕರೆಸಿದ್ದು ಟೆನೊಫೊವಿರ್ ಬದಲಿಸಬೇಕೇ ಎಂದು ನೋಡಲು ಮಾತ್ರವೂ ಅಲ್ಲ. ಏಳನೇ ತಿಂಗಳಲ್ಲಿ ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನ್ ನೋಡಿ ಪ್ರೀಎಕ್ಲಾಂಪ್ಸಿಯಾ (ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರುವ ಅಪಾಯಕಾರಿ ಸ್ಥಿತಿ) ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಇನ್ನು ವರದಿಗೆ ಕಾಯದೆ ಆರಂಭಿಸಿದ್ದು ಸರಿಯೇ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಕೊನೆಯ ತ್ರೈಮಾಸಿಕದಲ್ಲಿ ಚಿಕಿತ್ಸೆ ಆರಂಭಿಸಿದ ಮಹಿಳೆಯರಲ್ಲಿ ನಡೆದ ಡಾಲ್ಫಿನ್-2 ಅಧ್ಯಯನದಲ್ಲಿ, ಡೊಲುಟೆಗ್ರಾವಿರ್ ಪಡೆದವರಲ್ಲಿ ಶೇ. 74ರಷ್ಟು ಮಂದಿಯ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಹೆರಿಗೆಯ ವೇಳೆಗೆ ಮಿಲಿಲೀಟರಿಗೆ 50 ಪ್ರತಿಗಳಿಗಿಂತ ಕೆಳಗಿಳಿದಿತ್ತು. ಹಳೆಯ ಔಷಧವಾದ ಎಫವಿರೆಂಜ್ ಪಡೆದವರಲ್ಲಿ ಇದು ಶೇ. 43 ಮಾತ್ರ. ಅಷ್ಟು ವೇಗದ ಔಷಧ ಕೊಟ್ಟರೂ ಎಲ್ಲರೂ ಗುರಿ ಮುಟ್ಟಲಿಲ್ಲವೆಂದರೆ, ಉಳಿದ ಎರಡು ತಿಂಗಳಲ್ಲಿ ಒಂದು ವಾರ ಕಳೆಯುವುದೂ, ಸೋಂಕು ತಗಲುವ ಅಪಾಯದಿಂದಾಗಿ, ಮಗುವಿಗೆ ದುಬಾರಿ. ಕೆಲವು ದಿನಗಳ ಟೆನೊಫೊವಿರ್‌ನಿಂದ ಆಗಬಹುದಾದ ತೊಂದರೆ ಅದಕ್ಕೆ ಹೋಲಿಸಿದರೆ ತೀರ ಚಿಕ್ಕದು. ಕ್ರಿಯಾಟಿನಿನ್ ಪರೀಕ್ಷೆ ಇಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿಲ್ಲಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮರುಪ್ರಶ್ನೆ (ಆಪ್ತಸಮಾಲೋಚಕಿ):

ಇಬ್ಬರಿಗೂ ಧನ್ಯವಾದಗಳು. ಟಿಎಲ್‌ಡಿ ಆರಂಭಿಸಿದ ತಿಂಗಳಿಗೆ ಇನ್ನೊಬ್ಬರ ಕ್ರಿಯಾಟಿನಿನ್ 0.9ರಿಂದ 1.05ಕ್ಕೆ ಏರಿದೆ, ಅವರು ಮಾತ್ರೆ ಬಿಟ್ಟುಬಿಡುವ ಮಾತಾಡುತ್ತಿದ್ದಾರೆ.

ಉತ್ತರ 3 (ಔಷಧಿಕಾರ):

ಬಿಡಬೇಡಿ ಎನ್ನಿ. ಕ್ರಿಯಾಟಿನಿನ್ನಿನ ಒಂದು ಪಾಲು ನಾಳಗಳ ಮೂಲಕ ಹೊರಹೋಗುತ್ತದೆ, ಆ ದಾರಿಯನ್ನು ಡೊಲುಟೆಗ್ರಾವಿರ್ ಭಾಗಶಃ ತಡೆಯುತ್ತದೆ. ಹಾಗಾಗಿ ಮೊದಲ ಕೆಲವು ವಾರಗಳಲ್ಲಿ 0.1ರಿಂದ 0.2ರಷ್ಟು ಏರಿ ಅಲ್ಲೇ ನಿಲ್ಲುವುದು ನಿರೀಕ್ಷಿತ, ಸೋಸುವಿಕೆ ಕಡಿಮೆಯಾಗಿರುವುದಿಲ್ಲ. ಮುಂದಿನ ಪರೀಕ್ಷೆಯಲ್ಲೂ ಏರುತ್ತಲೇ ಹೋದರೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಬೇರೆ ಮಾತು, ವೈದ್ಯರೇ ನೋಡಬೇಕು.

ಆದರೆ ನೀವೇ ಕೇಳಬೇಕಾದ ಪ್ರಶ್ನೆಯೊಂದಿದೆ: ‘ಮೈಕೈ ನೋವಿಗೆ ಅಂಗಡಿಯಿಂದ ಏನು ತರಿಸಿಕೊಳ್ಳುತ್ತೀರಿ?’ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ದಿನವೂ ನುಂಗುವವರು ಅದನ್ನು ಔಷಧವೆಂದೇ ಎಣಿಸದೆ ವೈದ್ಯರ ಮುಂದೆ ಹೇಳುವುದಿಲ್ಲ, ಟೆನೊಫೊವಿರ್ ಜೊತೆ ಅದು ಮೂತ್ರಪಿಂಡವನ್ನು ಕೆಡಿಸಬಲ್ಲದು. ಜೊತೆಗೆ, ಟೆನೊಫೊವಿರ್ ತಪ್ಪಿಸಿದ ಆ 58ರ ಪುರುಷರ ಹೆಪಟೈಟಿಸ್ ಬಿ ವರದಿ ಕಡತದಲ್ಲಿದೆಯೇ ನೋಡಿ. ಟೆನೊಫೊವಿರ್ ಆ ಸೋಂಕಿಗೂ ಔಷಧ. ಹಾಗಾಗಿ ಆ ಸೋಂಕೂ ಇದ್ದರೆ, ಉಳಿದ ಲ್ಯಾಮಿವುಡಿನ್ ಒಂದೇ ಅದಕ್ಕೆ ಸಾಲದು, ವೈದ್ಯರು ಬೇರೆ ಔಷಧ ಸೇರಿಸಬೇಕಾಗುತ್ತದೆ.