ಪದಚರ್ಚೆ: ‘ವಂಶ’ದಲ್ಲಿ ಸೋದರಮಾವ ಸೇರುತ್ತಾನಾ?

ಬಳಗದ ಎಲ್ಲರಿಗೂ ನಮಸ್ಕಾರ.

ಹೃದಯ ತಪಾಸಣೆಯ ಶಿಬಿರವೊಂದಕ್ಕೆ ಕನ್ನಡದಲ್ಲಿ ಒಂದು ಕರಪತ್ರ, ಜೊತೆಗೆ ಬಂದವರು ತುಂಬಿಕೊಡುವ ಪ್ರಶ್ನೆಗಳ ಹಾಳೆ ಬರೆದುಕೊಡಬೇಕಾಗಿದೆ. ವಿಷಯ ಇಷ್ಟು: ಕೆಲವರಿಗೆ ಕೊಲೆಸ್ಟ್ರಾಲ್ ಹುಟ್ಟಿನಿಂದಲೇ ಜಾಸ್ತಿ ಇರುತ್ತದೆ, ಅದರಿಂದ ಸಣ್ಣ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗುತ್ತದೆ. ಇದರ ಇಂಗ್ಲಿಷ್ ಹೆಸರು ಫೆಮಿಲಿಯಲ್ ಹೈಪರ್‌ಕೊಲೆಸ್ಟೆರೊಲೀಮಿಯಾ. ಡಾಕ್ಟರುಗಳೇ ಅಷ್ಟುದ್ದ ಹೇಳಲಾರದೆ ಎಫ್‌ಎಚ್ ಅಂತ ಮುಗಿಸುತ್ತಾರೆ. ಕೊಲೆಸ್ಟ್ರಾಲ್ ಎಲ್ಲರಿಗೂ ಗೊತ್ತಿರುವ ಪದ, ಅದು ಹಾಗೇ ಇರಲಿ. ನನ್ನನ್ನು ಕಾಡುತ್ತಿರುವುದು ಹೆಸರಿನ ಮೊದಲ ತುಂಡು, ಆ ‘ಫೆಮಿಲಿಯಲ್’.

ನಿಘಂಟು ನೋಡಿದರೆ ಆನುವಂಶಿಕ, ವಂಶಪಾರಂಪರ್ಯ ಅಂತ ಸಿಗುತ್ತವೆ. ಜೀನ್‌ಗೂ ನಾವು ವಂಶವಾಹಿ ಅಂದುಬಿಟ್ಟಿದ್ದೇವೆ. ಎಲ್ಲದರಲ್ಲೂ ವಂಶ. ಆದರೆ ನಮ್ಮ ಕಡೆ ವಂಶ ಅಂದರೆ ಅಪ್ಪನ ಕಡೆ ಮಾತ್ರ. ಮಗ ಹುಟ್ಟಿದರೆ ‘ವಂಶೋದ್ಧಾರಕ’, ಮಗಳು ಕೊಟ್ಟ ಮನೆಗೆ ಸೇರಿದವಳು. ಶಾನುಭೋಗಿಕೆ, ಪಟೇಲಿಕೆ, ಅರ್ಚಕತನ ವಂಶಪಾರಂಪರ್ಯವಾಗಿ ಬಂದದ್ದು ಗಂಡುಮಕ್ಕಳಿಗೆ. ಹೀಗಿರುವಾಗ ‘ನಿಮ್ಮ ವಂಶದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತಾ?’ ಅಂತ ಕೇಳಿದರೆ ಮನುಷ್ಯ ಅಪ್ಪ, ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ ಇವರನ್ನು ನೆನೆದು ‘ಇಲ್ಲ’ ಅಂತ ಬರೆಯುತ್ತಾನೆ. ನಲವತ್ತೆರಡಕ್ಕೇ ಎದೆ ಹಿಡಿದುಕೊಂಡು ಹೋದ ಸೋದರಮಾವ ಲೆಕ್ಕಕ್ಕೇ ಬರುವುದಿಲ್ಲ. ಅವನ ವಂಶ ಬೇರೆ, ಅಲ್ವಾ?

ಕಾಯಿಲೆಗೆ ಈ ಭೇದ ಗೊತ್ತಿಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಲಿವರ್‌ನ ಜೀವಕೋಶಗಳ ಮೇಲಿರುತ್ತವೆ. ಇವನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ಎಫ್‌ಎಚ್ ಇದ್ದವರ ಜೀವಕೋಶಗಳನ್ನು ಪರೀಕ್ಷಿಸುವಾಗಲೇ, 1970ರ ದಶಕದಲ್ಲಿ, ಅವರಿಗೆ ಇದು ಸಿಕ್ಕಿತು. 1985ರಲ್ಲಿ ನೊಬೆಲ್ ಬಂತು. ಈ ಗ್ರಾಹಕದ ಜೀನ್ ಇರುವುದು 19ನೇ ಕ್ರೋಮೋಸೋಮಿನಲ್ಲಿ. ಗಂಡು ಹೆಣ್ಣು ನಿರ್ಧರಿಸುವ ಕ್ರೋಮೋಸೋಮಿಗೂ ಅದಕ್ಕೂ ಸಂಬಂಧವಿಲ್ಲ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ಯಾರಿಂದ ಬಂದ ಪ್ರತಿ ಕೆಟ್ಟಿದ್ದರೂ ಕೆಲಸ ಮಾಡುವ ಗ್ರಾಹಕಗಳು ಸುಮಾರು ಅರ್ಧಕ್ಕಿಳಿಯುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ನೂರರ ಆಸುಪಾಸಿನಲ್ಲಿರಬೇಕಾದ್ದು 190 ದಾಟುತ್ತದೆ (ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ). ಇಂಥವರು ಸುಮಾರು 250ರಿಂದ 300 ಜನರಲ್ಲಿ ಒಬ್ಬರು ಸಿಗುತ್ತಾರೆ. ಅಪರೂಪದ ಕಾಯಿಲೆಯೇನಲ್ಲ.

ಚಿಕಿತ್ಸೆ ಇಲ್ಲದೆ ಬಿಟ್ಟರೆ ಇಂಥ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 50 ತುಂಬುವುದರೊಳಗೆ ಹೃದಯದ ರಕ್ತನಾಳದ ತೊಂದರೆ ಶುರುವಾಗಿರುತ್ತದೆ. ಹೆಂಗಸರಲ್ಲಿ 60ರೊಳಗೆ ಸುಮಾರು ನೂರಕ್ಕೆ 30. ಐವತ್ತರ ಮೇಲೆ ಕೊಲೆಸ್ಟ್ರಾಲ್ ಏರಿದವನಿಗೂ ಇವರಿಗೂ ವ್ಯತ್ಯಾಸ ಇರುವುದು ವರ್ಷಗಳಲ್ಲಿ. ಇವರ ರಕ್ತನಾಳಗಳು ತೊಟ್ಟಿಲಿನಿಂದಲೇ ಅದನ್ನು ಉಣ್ಣುತ್ತಾ ಬಂದಿವೆ. ಇದರ ತಿರುಗುಮುರುಗು ಸಾಕ್ಷಿಯೂ ಇದೆ. ಅಮೆರಿಕದ ಕಪ್ಪು ಜನರಲ್ಲಿ ಕೆಲವರಿಗೆ, ಆ ಗ್ರಾಹಕಗಳನ್ನು ನಾಶಮಾಡಿಸುವ ಪಿಸಿಎಸ್‌ಕೆ9 ಅನ್ನುವ ಜೀನ್‌ನ ಒಂದು ಪ್ರತಿ ಕೆಲಸ ಮಾಡುವುದಿಲ್ಲ. ಅದರಿಂದ ಅವರ ಎಲ್‌ಡಿಎಲ್ ಹುಟ್ಟಿನಿಂದ ಶೇ 28ರಷ್ಟು ಕಡಿಮೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಿಗೆ ಹೃದಯದ ಕಾಯಿಲೆಯ ಅಪಾಯ ಶೇ 88ರಷ್ಟು ಕಡಿಮೆ ಕಂಡಿತು. ಕಡಿಮೆಯಾದದ್ದು ಕಾಲು ಭಾಗ, ಸಿಕ್ಕ ಲಾಭ ಅದರ ಮೂರು ಪಟ್ಟು. ಹಾಗಾಗಿ ಹೆಸರಿನಲ್ಲಿ ‘ಹುಟ್ಟಿನಿಂದ’ ಅನ್ನುವ ಸುಳಿವು ಇದ್ದರೆ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಹುಟ್ಟುಮಚ್ಚೆ, ಹುಟ್ಟುಗುಣ ಇದ್ದ ಹಾಗೆ ‘ಹುಟ್ಟುಕೊಲೆಸ್ಟ್ರಾಲ್’ ಅಂದರೆ? ಕೇಳಲು ಚೆನ್ನಾಗಿದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವ ಗಾದೆ ಬೆನ್ನಿಗೇ ಬರುತ್ತದೆ. ‘ಹಣೆಬರಹ, ಏನು ಮಾಡಲಿಕ್ಕಾಗುತ್ತೆ’ ಅಂತ ಜನ ಮಾತ್ರೆ ಬಿಟ್ಟರೆ ನಮ್ಮ ಕರಪತ್ರವೇ ಅದಕ್ಕೆ ಕಾರಣವಾದೀತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಂಡರೆ ಲಿವರ್ ಉಳಿದ ಒಳ್ಳೆಯ ಪ್ರತಿಯಿಂದ ಇನ್ನಷ್ಟು ಗ್ರಾಹಕಗಳನ್ನು ಮಾಡಿಕೊಳ್ಳುತ್ತದೆ. ಅಂದರೆ ಹುಟ್ಟಿನ ಕೊರತೆಯನ್ನೇ ಒಂದಿಷ್ಟು ತುಂಬುವ ಔಷಧ ಅದು. ಹೆಸರು ಕೇಳಿಯೇ ಕೈಚೆಲ್ಲುವ ಹಾಗಿರಬಾರದು.

‘ಕೌಟುಂಬಿಕ’ ನನಗೆ ಒಗ್ಗಲಿಲ್ಲ. ಕೌಟುಂಬಿಕ ಅಂದರೆ ಕಲಹ, ಇಲ್ಲವೇ ಧಾರಾವಾಹಿ. ಮನೆಯವರೆಲ್ಲ ಒಂದೇ ಎಣ್ಣೆಯ ಬೋಂಡಾ ತಿಂದದ್ದರಿಂದ ಬಂದದ್ದು ಅನ್ನುವ ಅರ್ಥವೂ ಹೊರಡುತ್ತದೆ. ಇನ್ನು ಹಳೆಯ ಕಾಲದವರು ಹೆಂಡತಿಗೇ ‘ನಮ್ಮ ಕುಟುಂಬ’ ಅನ್ನುತ್ತಿದ್ದರು! ಹೆಂಡತಿಯ ಜೀನ್‌ಗೂ ಗಂಡನ ಜೀನ್‌ಗೂ ಸಂಬಂಧ ಇರುವುದಿಲ್ಲ, ಅವಳು ಅಕ್ಕನ ಮಗಳಲ್ಲದಿದ್ದರೆ.

ಅಕ್ಕನ ಮಗಳ ವಿಷಯ ಬಂದದ್ದಕ್ಕೆ ಒಂದು ಮಾತು ಹೇಳಲೇಬೇಕು. ಈ ಕೆಟ್ಟ ಪ್ರತಿ ಮನೆತನದಲ್ಲಿ ಹರಿದುಬಂದು ಸೋದರಮಾವನಿಗೆ ಸಿಕ್ಕಿದ್ದರೆ, ಅಕ್ಕನ ಮಗಳಿಗೂ ಇರುವ ಸಂಭವ ನಾಲ್ಕರಲ್ಲೊಂದು. ಇಬ್ಬರಲ್ಲೂ ಇದ್ದು ಮದುವೆಯೂ ಆದರೆ ಹುಟ್ಟುವ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿಗಳೇ ಸಿಗುವ ಸಂಭವ ಮತ್ತೆ ನಾಲ್ಕರಲ್ಲೊಂದು. ಅಂಥ ಮಕ್ಕಳಲ್ಲಿ ಎಲ್‌ಡಿಎಲ್ 500 ದಾಟುವುದುಂಟು. ಮೊಣಕೈ, ಮೊಣಕಾಲು, ಹಿಮ್ಮಡಿಯ ಮೇಲೆ ಹಳದಿ ಗಂಟು ಏಳುತ್ತವೆ. ಇಪ್ಪತ್ತರೊಳಗೇ ಹಾರ್ಟ್ ಅಟ್ಯಾಕ್ ಆಗಬಹುದು. ಒಂದು ಪ್ರತಿ ಕೆಟ್ಟವರು ಬೇರೆ, ಎರಡೂ ಕೆಟ್ಟವರು ಬೇರೆ ಅನ್ನುವುದನ್ನು 1964ರಲ್ಲಿ ತೋರಿಸಿಕೊಟ್ಟವರು ಅವೇದಿಸ್ ಖಚದೂರಿಯನ್ ಅನ್ನುವ ಡಾಕ್ಟರು. ಅವರು ನೋಡಿದ್ದು ಲೆಬನಾನ್‌ನ ಮನೆತನಗಳನ್ನು. ಅಲ್ಲೂ ಒಳಸಂಬಂಧದ ಮದುವೆಗಳು ಉಂಟು. ನಮ್ಮಲ್ಲಿ ಈ ಮಾತು ಸಲೀಸಾಗಿ ಬರೆಯುವುದು ಕಷ್ಟ. ಮದುವೆಯನ್ನು ಬೈದ ಹಾಗಾಗಬಾರದು, ಮುಚ್ಚಿಟ್ಟ ಹಾಗೂ ಆಗಬಾರದು.

ಪದಕ್ಕೆ ಬರುತ್ತೇನೆ. ನನ್ನ ಮನಸ್ಸು ‘ಬಳುವಳಿ’ಯ ಕಡೆ ವಾಲಿದೆ. ತವರಿನವರು ಹೆಣ್ಣುಮಗಳಿಗೆ ಮದುವೆಯಲ್ಲಿ ಕೊಡುವುದು ಬಳುವಳಿ. ಆದರೂ ‘ಅಪ್ಪನಿಂದ ಬಳುವಳಿಯಾಗಿ ಬಂದ ಕಂಠ’ ಅಂತ ಆರಾಮಾಗಿ ಹೇಳುತ್ತೇವೆ. ಹೆಣ್ಣಿನ ಕಡೆಯನ್ನು ಬಿಡದೆ ಎರಡೂ ಕಡೆ ಒಪ್ಪುವ ಪದ ನನಗೆ ಇದೊಂದೇ ಕಂಡಿತು. ‘ಬಳುವಳಿ ಕೊಲೆಸ್ಟ್ರಾಲ್’. ಕಾಯಿಲೆಗೆ ಕೊಡುಗೆಯ ಹೆಸರು ಚುಚ್ಚುತ್ತದೆ ಅಂತ ಒಬ್ಬ ಗೆಳೆಯರ ಆಕ್ಷೇಪ. ನನಗೆ ಅಷ್ಟೇನೂ ಚುಚ್ಚಲಿಲ್ಲ.

ಹೆಸರು ಏನೇ ಇಟ್ಟರೂ ಪ್ರಶ್ನೆಗಳ ಹಾಳೆಯದೇ ದೊಡ್ಡ ತಲೆನೋವು. ಹೃದಯದ ಕಾಯಿಲೆ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಬಂದರೆ ಡಾಕ್ಟರುಗಳು ಬೇಗ ಬಂದದ್ದು ಅನ್ನುತ್ತಾರೆ. ಯಾರಿಗೆ ಬಂತು ಅನ್ನುವುದೂ ಅವರಿಗೆ ಬೇಕು. ಇಂಗ್ಲಿಷಿನ ಅಂಕಲ್‌ಗಿಂತ ನಮ್ಮ ಸಂಬಂಧದ ಪದಗಳು ಎಷ್ಟೋ ಖಚಿತ ಅಂತ ಹೆಮ್ಮೆಪಡುತ್ತಿದ್ದೆವಲ್ಲ, ಇಲ್ಲಿ ನೋಡಿ: ‘ಮಾವನಿಗೆ ಹಾರ್ಟ್ ಅಟ್ಯಾಕ್’ ಅಂತ ಬರೆದರೆ ಅಮ್ಮನ ತಮ್ಮನೋ, ಹೆಂಡತಿಯ ಅಪ್ಪನೋ, ಸೋದರತ್ತೆಯ ಗಂಡನೋ? ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ರಕ್ತಸಂಬಂಧ. ದೊಡ್ಡಪ್ಪನ ಹೆಂಡತಿಯೂ ದೊಡ್ಡಮ್ಮನೇ, ಆದರೆ ರಕ್ತಸಂಬಂಧವಿಲ್ಲ. ಚಿಕ್ಕಮ್ಮನದೂ ಅದೇ ಕಥೆ.

ಕಾಯಿಲೆಯ ಹೆಸರೂ ನೆಟ್ಟಗಿಲ್ಲ. ಪಠ್ಯಪುಸ್ತಕದ ಅಪಧಮನಿ, ಅಭಿಧಮನಿ, ಪರಿಧಮನಿ ಮೂರನ್ನೂ ಕೈಬಿಟ್ಟಿದ್ದೇನೆ. ‘ಹೃದಯಕ್ಕೆ ರಕ್ತ ಕೊಡುವ ನಾಳ’ ಸಾಕು. ಬ್ಲಾಕ್, ಸ್ಟೆಂಟ್ ಎಲ್ಲರಿಗೂ ಗೊತ್ತು. ಆದರೆ ‘ಹಾರ್ಟ್ ಫೇಲ್ ಆಗಿ ಹೋದರು’ ಅಂತ ಜನ ಹೇಳುವುದಕ್ಕೂ ಡಾಕ್ಟರ ಹಾರ್ಟ್ ಫೇಲ್ಯೂರಿಗೂ (ಹೃದಯದ ರಕ್ತ ಪಂಪ್ ಮಾಡುವ ಶಕ್ತಿ ಕುಂದುವುದು) ತಾಳೆಯಿಲ್ಲ. ಹಾಗಾಗಿ ಹೀಗೆ ಬರೆದಿದ್ದೇನೆ:

‘ನಿಮ್ಮ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು. ಅಪ್ಪನ ಒಡಹುಟ್ಟಿದವರು. ಅಮ್ಮನ ಒಡಹುಟ್ಟಿದವರು. ಎರಡೂ ಕಡೆಯ ಅಜ್ಜ, ಅಜ್ಜಿ. ಇವರಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದು, ಬೈಪಾಸ್ ಆಗಿದ್ದು, ಹಾರ್ಟ್ ಅಟ್ಯಾಕ್ ಆಗಿದ್ದು, ಇದ್ದಕ್ಕಿದ್ದಂತೆ ತೀರಿಕೊಂಡಿದ್ದು ಉಂಟಾ? ಆಗ ವಯಸ್ಸೆಷ್ಟು?’

ಉದ್ದವಾಯಿತು, ಗೊತ್ತು. ಇನ್ನು ನಿಮ್ಮಿಂದ ಬೇಕಾದದ್ದು. ದಕ್ಷಿಣ ಕನ್ನಡದವರು ಹೇಳಿ, ಅಳಿಯಸಂತಾನದ ಮನೆಗಳಲ್ಲಿ ಬಳಿ (ಗೋತ್ರದಂಥದ್ದು), ಕುಟುಂಬ ಎರಡೂ ಅಮ್ಮನ ಕಡೆಯಿಂದ ಅಲ್ವಾ? ಹಾಗಾದರೆ ಅಲ್ಲಿ ‘ಕುಟುಂಬದಲ್ಲಿ ಯಾರಿಗಾದರೂ’ ಅಂತ ಕೇಳಿದರೆ ಅಪ್ಪನೇ ಬಿಟ್ಟುಹೋಗುತ್ತಾನಾ? ಧಾರವಾಡ, ಬೆಳಗಾವಿ ಕಡೆಯವರು ಕಾಕಾ, ಮಾಮಾ, ಚಿಗವ್ವಗಳಲ್ಲಿ ರಕ್ತಸಂಬಂಧವನ್ನೂ ಮದುವೆಯ ಸಂಬಂಧವನ್ನೂ ಹೇಗೆ ಬೇರೆ ಮಾಡಿ ಹೇಳುತ್ತೀರಿ? ‘ಒಡಹುಟ್ಟಿದವರು’ ನಿಮ್ಮ ಊರಲ್ಲಿ ಅಕ್ಕತಂಗಿಯರಿಗೂ ನಡೆಯುತ್ತದಾ, ಅಥವಾ ‘ಅಣ್ಣತಮ್ಮ, ಅಕ್ಕತಂಗಿ’ ಅಂತ ಬಿಡಿಸಿಯೇ ಬರೆಯಲಾ? ಬಳುವಳಿಗೆ ವಿರೋಧ ಇದ್ದವರು ಬೇರೆ ಪದದ ಜೊತೆಗೇ ಬನ್ನಿ.